ಎರಡು ಮೆಮೊರಿ ಕಾರ್ಡು, ಒಂದು ಖಾಲಿ ಸ್ಟೂಲು

ಔಷಧಿ ಬಾಟಲಿಯ ಮೇಲಿನ ಚೀಟಿಯನ್ನು ಮೂರು ಸಲ ಓದಬೇಕು. ಕಪಾಟಿನಿಂದ ತೆಗೆಯುವಾಗ ಒಮ್ಮೆ, ಸಿರಿಂಜಿಗೆ ಎಳೆಯುವ ಮುಂಚೆ ಒಮ್ಮೆ, ಬಾಟಲಿಯನ್ನು ವಾಪಸ್ ಇಡುವಾಗ ಒಮ್ಮೆ. ಹದಿನೆಂಟನೆಯ ವಯಸ್ಸಿಗೆ ನರ್ಸಿಂಗ್ ತರಬೇತಿಗೆ ಸೇರಿದಾಗ ಮೊದಲ ದಿನವೇ ನಮಗೆ ಕಲಿಸಿದ್ದು ಇದು. ನಿವೃತ್ತಿಯಾಗಿ ಹತ್ತು ವರ್ಷ ಕಳೆದರೂ ನಾನು ಅಡುಗೆ ಮನೆಯ ಉಪ್ಪಿನ ಡಬ್ಬಿಯನ್ನು ಕೂಡ ಮೂರು ಸಲ ಓದುತ್ತೇನೆ. ಬೆಳಗ್ಗೆ ಐದಕ್ಕೆ ಏಳುತ್ತೇನೆ, ಐದೂವರೆಗೆ ಸ್ನಾನ, ಆರಕ್ಕೆ ಪೂಜೆ, ಆರೂವರೆಗೆ ಚಹಾ. ಇಂಥ ನನ್ನನ್ನು ಅಂಚೆ ಚೀಟಿಯಷ್ಟು ಅಗಲದ ಒಂದು ಪ್ಲಾಸ್ಟಿಕ್ ತುಂಡು ಮೂರು ವಾರ ನನ್ನೂರು ಬಸವಕಲ್ಯಾಣಕ್ಕೂ ಹುಮನಾಬಾದಿಗೂ ಓಡಾಡಿಸಿತು. ಓಡಾಡಿದ್ದಕ್ಕೆ ಬೇಸರವಿಲ್ಲ. ಇಷ್ಟು ಹುಮ್ಮಸ್ಸಿನಿಂದ ನಾನು ಕೆಲಸಕ್ಕೆ ಸೇರಿದ ವರ್ಷವೂ ಬಸ್ಸು ಹತ್ತಿರಲಿಲ್ಲ.

ಇದು ಶುರುವಾದದ್ದು ಮನ್ನಾಏಖೇಳ್ಳಿಯಲ್ಲಿ, ನನ್ನ ಗೆಳತಿಯ ಮನೆಯ ಗೋಡೆಯಿಂದ.

ಅವಳೂ ನಾನೂ ಒಂದೇ ತರಬೇತಿ ಶಾಲೆಯಲ್ಲಿ, ಒಂದೇ ತಂಡದಲ್ಲಿ ಕಲಿತವರು. ತಂಡದಲ್ಲಿ ಹತ್ತು ಹುಡುಗಿಯರು. ಆಮೇಲೆ ಒಬ್ಬೊಬ್ಬರು ಒಂದೊಂದು ದವಾಖಾನೆಗೆ ಹೋದೆವು. ಕಾಗದ ಬರೆದೆವು, ನಂತರ ಫೋನು ಮಾಡಿದೆವು, ಮದುವೆ ಮುಂಜಿಯಲ್ಲಿ ಭೇಟಿಯಾದೆವು. ಆದರೆ ಅವಳ ಮನೆಗೆ ನಾನು ಹೋದದ್ದು ಕಳೆದ ಚಳಿಗಾಲದಲ್ಲೇ ಮೊದಲು. ಬಸ್ಸಿಳಿದು, ಹೆದ್ದಾರಿ ದಾಟಿ, ಹಿಟ್ಟಿನ ಗಿರಣಿಯ ಹಿಂದಿನ ಓಣಿಯಲ್ಲಿ ಅವಳ ಮನೆ. ಒಳಗೆ ಕಾಲಿಟ್ಟರೆ ಎದುರಿಗೇ ಬುದ್ಧನ ಚಿತ್ರ, ಅದರ ಪಕ್ಕದಲ್ಲಿ ನಮ್ಮ ತಂಡದ ಹಳೆಯ ಕಪ್ಪು ಬಿಳುಪು ಫೋಟೊ, ಒಂದೂವರೆ ಅಡಿ ಅಗಲದ್ದು, ಕಟ್ಟು ಹಾಕಿಸಿದ್ದು.

ಆ ಫೋಟೊದಲ್ಲಿ ಇರುವುದು ಒಂಬತ್ತು ಜನ. ಮುಂದೆ ಐದು ಸ್ಟೂಲು, ಹಿಂದೆ ನಿಂತವರು ಐದು ಜನ. ಮುಂದಿನ ಸಾಲಿನ ನಡುವಿನ ಸ್ಟೂಲು ಖಾಲಿ. ಅದರ ಹಿಂದೆ ನೆಟ್ಟಗೆ ನಿಂತು ಕ್ಯಾಮೆರಾವನ್ನು ಗದರಿಸುವಂತೆ ನೋಡುತ್ತಿರುವವಳು ನಾನು.

"ಇದನ್ಯಾಕ ಹಾಕೀದಿ? ನೀ ಇಲ್ಲಲ್ಲ ಇದರಾಗ," ಅಂದೆ.

ಅವಳು ಚಹಾ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. "ಸ್ಟೂಲ್ ಅದಲ್ಲ. ಅದು ನಂದು," ಅಂದಳು.

ಆ ಸ್ಟೂಲು ಯಾಕೆ ಖಾಲಿ ಎಂಬುದು ನನಗೆ ಚೆನ್ನಾಗಿ ಗೊತ್ತು. ಆಗ ನಾನು ತಂಡದ ಲೀಡರು. ಡ್ಯೂಟಿ ಪಟ್ಟಿ ನನ್ನ ಕೈಯಲ್ಲಿ. ಫೋಟೊ ತೆಗೆಯುವವನು ಬಂದ ಸಂಜೆ ಹೆರಿಗೆ ಕೋಣೆಯ ಪಾಳಿ ಅವಳದಿತ್ತು, ಒಳಗೊಬ್ಬಳಿಗೆ ನೋವು ಶುರುವಾಗಿತ್ತು. ನಮ್ಮಲ್ಲೇ ಒಬ್ಬಳು, ಈಗ ಹಳ್ಳಿಖೇಡದಲ್ಲಿರುವವಳು, "ನಾ ಹತ್ತು ಮಿನಿಟು ಅವಳ ಬದಲಿ ನಿಂದರ್ತೀನಿ, ನನ್ನ ಫೋಟೊ ಆಮ್ಯಾಲ ಒಂಟಿ ತಗೀಲಿ" ಅಂದಿದ್ದಳು. ನಾನು ಒಪ್ಪಲಿಲ್ಲ. ಪಟ್ಟಿ ಅಂದರೆ ಪಟ್ಟಿ ಅಂದೆ. ಫೋಟೊದವನು ಪಾಪ, ಬರ್ತಾಳೆ ಬರ್ತಾಳೆ ಎಂದು ಸ್ಟೂಲು ಬಿಟ್ಟು ಕಾದ. ಬಿಸಿಲು ಗೋಡೆ ದಾಟುವ ಹೊತ್ತಿಗೆ ಇನ್ನು ಆಗದು ಎಂದು ಕ್ಲಿಕ್ ಮಾಡಿದ. ಅವಳು ಕೈ ಒರೆಸಿಕೊಳ್ಳುತ್ತಾ ಓಡಿ ಬಂದಾಗ ಅವನು ಸ್ಟ್ಯಾಂಡಿನ ಕಾಲು ಮಡಚುತ್ತಿದ್ದ.

ಇದರ ಬಗ್ಗೆ ನಾನು ಅವಳಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಅವಳೂ ಕೇಳಿರಲಿಲ್ಲ. ಐವತ್ತು ವರ್ಷ.

ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು. ನನಗೆ ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು. ಮನೆ ಮುಟ್ಟುವ ಹೊತ್ತಿಗೆ ನಿರ್ಧಾರವಾಗಿತ್ತು: ತಂಡ ಮತ್ತೆ ಸೇರಬೇಕು, ಅದೇ ಸಾಲಿನಲ್ಲಿ ಅದೇ ಫೋಟೊ ತೆಗೆಯಬೇಕು, ಆ ಸ್ಟೂಲಿನ ಮೇಲೆ ಅವಳು ಕೂತಿರಬೇಕು.

ಹತ್ತು ಜನರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಒಬ್ಬಳ ಮೊಣಕಾಲಿನ ಆಪರೇಷನ್ ಆಗಿತ್ತು, ಇನ್ನೊಬ್ಬಳು ಲಾತೂರಿನಲ್ಲಿ ಸೊಸೆಯ ಬಾಣಂತನದಲ್ಲಿದ್ದಳು. ಉಳಿದವರು ಆರು. ನಮ್ಮ ಮನೆಯ ಅಂಗಳದಲ್ಲಿ, ಒಂದು ಭಾನುವಾರ, ಹನ್ನೊಂದಕ್ಕೆ ಸರಿಯಾಗಿ ಎಂದು ಎಲ್ಲರಿಗೂ ಹೇಳಿದೆ. ಕೊನೆಗೆ ಗೆಳತಿಗೆ ಫೋನು ಮಾಡಿದೆ.

"ಬರ್ತೀನಿ," ಅಂದಳು. "ಆದರ ಫೋನಿನಾಗ ಬ್ಯಾಡ. ಫೋನಿನ ಫೋಟೊ ಎರಡು ದಿನ ಗ್ರೂಪಿನಾಗ ಇರ್ತದ, ಆಮ್ಯಾಲ ಗುಡ್ ಮಾರ್ನಿಂಗ್ ಹೂವಿನ ಕೆಳಗ ಮುಚ್ಚಿ ಹೋಗ್ತದ. ಗ್ವಾಡಿ ಮ್ಯಾಲಿನ ಫೋಟೊ ಎಷ್ಟದನೋ ಅಷ್ಟ ದೊಡ್ಡದು ಬೇಕು. ಜೋಡಿ ಹಾಕ್ತೀನಿ. ಮತ್ತೊಂದು ಮಾತು, ಈ ಸಲ ಆಗಲಿಲ್ಲಂದ್ರ ನಾ ಮತ್ತ ಫೋಟೊಕ್ಕ ಅಂತ ಎಲ್ಲಿಗೂ ಬರಾಂಗಿಲ್ಲ, ನೋಡು."

"ಆಗ್ತದ," ಅಂದೆ. ಗಟ್ಟಿಯಾಗಿಯೇ ಅಂದೆ. ಆಗ ನನ್ನ ಹತ್ತಿರ ಕ್ಯಾಮೆರಾವೇ ಇರಲಿಲ್ಲ.

ಕ್ಯಾಮೆರಾ ಕೊಟ್ಟವನು ಹುಮನಾಬಾದಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ. ಹೊಸದು ತೆಗೆದುಕೊಂಡಿದ್ದ, ಹಳೆಯದು ಕಪಾಟಿನಲ್ಲಿತ್ತು. "ಮಸ್ತ್ ಅದ ಚಿಕ್ಕವ್ವ, ಹತ್ತು ಸೆಕೆಂಡಿನ ಟೈಮರ್ ಅದ. ನೀವೂ ಫೋಟೊದಾಗ ಬರ್ತೀರಿ. ಕಾರ್ಡ್ ಒಂದು ಇಲ್ಲ, ಯಾವುದರ ಹಾಕ್ರಿ, ನಡೀತದ," ಅಂದ. ಅದರ ಪುಸ್ತಕ ಎಲ್ಲಿ ಎಂದು ಕೇಳಿದೆ. ಹುಡುಕಿ ಕಳಿಸುತ್ತೇನೆ ಅಂದ.

ಪುಸ್ತಕ ಓದದೆ ಯಂತ್ರ ಮುಟ್ಟಬಾರದು ಎನ್ನುವುದು ನನ್ನದೇ ನಿಯಮ. ಅದನ್ನು ನಾನೇ ಮುರಿದೆ. ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ಬಸವಕಲ್ಯಾಣದಲ್ಲಿ ಬಸ್ಸಿಳಿದವಳು ಮನೆಗೂ ಹೋಗದೆ ನೇರ ಮೊಬೈಲ್ ಅಂಗಡಿಗೆ ಹೋದೆ. ಅಷ್ಟು ಆತುರ!

"ಎಷ್ಟು ಜಿಬಿದು ಬೇಕ್ರಿ ಬಾಯಾರ?" ಅಂಗಡಿಯವನು ಕೇಳಿದ.

"ಎಲ್ಲಕ್ಕಿಂತ ದೊಡ್ಡದು ಯಾವುದು?"

"ನೂರಾ ಇಪ್ಪತ್ತೆಂಟು ಅದ. ಜಿಂದಗಿ ತುಂಬ ಫೋಟೊ ತಗದ್ರೂ ತುಂಬಂಗಿಲ್ಲ."

ನನ್ನ ಜಿಂದಗಿ ಎಷ್ಟು ಉಳಿದಿದೆ ಎಂದು ಅವನಿಗೇನು ಗೊತ್ತು, ಆದರೂ ತೆಗೆದುಕೊಂಡೆ. ಅದು ಫೋನಿಗೆ ಹಾಕುವ ಉಗುರಿನಷ್ಟು ಕಾರ್ಡು. ಅದನ್ನು ಒಂದು ದೊಡ್ಡ ಕಾರ್ಡಿನಂಥ ಪ್ಲಾಸ್ಟಿಕ್ ಕವಚದೊಳಗೆ ತೂರಿಸಿ ಕ್ಯಾಮೆರಾಕ್ಕೆ ಹಾಕಬೇಕು. ಮನೆಗೆ ಬಂದು ಹಾಕಿದೆ. ಗುಂಡಿ ಒತ್ತಿದೆ. ಈ ಕಾರ್ಡು ಬಳಸಲು ಬರುವುದಿಲ್ಲ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ತೆಗೆದೆ, ಮತ್ತೆ ಹಾಕಿದೆ. ಅದೇ ಮಾತು. ಕ್ಯಾಮೆರಾ ನನಗಿಂತ ಹಟಮಾರಿ.

ಮರುದಿನ ಅಕ್ಕನ ಮಗ ಪುಸ್ತಕದ ಪುಟಗಳನ್ನು ವಾಟ್ಸಾಪಿನಲ್ಲಿ ಕಳಿಸಿದ. ಕನ್ನಡಕ ಏರಿಸಿಕೊಂಡು, ಪೆನ್ಸಿಲ್ ಹಿಡಿದು, ಮುಖ್ಯವಾದದ್ದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು: ಈ ಕ್ಯಾಮೆರಾ ಮೂವತ್ತೆರಡು ಜಿಬಿಯ ತನಕದ ಕಾರ್ಡನ್ನು ಮಾತ್ರ ಓದುತ್ತದೆ. ಹಳೆಯ ಕ್ಯಾಮೆರಾ, ಅದು ಹುಟ್ಟಿದ ಕಾಲದಲ್ಲಿ ಅದಕ್ಕಿಂತ ದೊಡ್ಡವನ್ನು ಓದುವ ಪದ್ಧತಿ ಅದಕ್ಕೆ ಕಲಿಸಿರಲಿಲ್ಲ. ಚೀಟಿ ಓದದೆ ಔಷಧಿ ಕೊಟ್ಟಂತಾಗಿತ್ತು ನನ್ನ ಕೆಲಸ. ಅಂಗಡಿಯವನು ಮುಖ ಹುಳ್ಳಗೆ ಮಾಡಿಕೊಂಡು ಕಾರ್ಡು ವಾಪಸ್ ತೆಗೆದುಕೊಂಡ.

ಎರಡನೆಯದನ್ನು ಹುಮನಾಬಾದ್ ಬಸ್ ಸ್ಟ್ಯಾಂಡಿನ ಹೊರಗೆ, ಚಾರ್ಜರು ಇಯರ್‌ಫೋನು ತೂಗುಹಾಕಿದ ತಳ್ಳುಗಾಡಿಯಲ್ಲಿ ಕೊಂಡೆ. ಮೂವತ್ತೆರಡು ಎಂದು ಅದರ ಮೇಲೆ ಇತ್ತು, ಮೂರು ಸಲ ಓದಿದೆ. ಪೂರ್ತಿ ಅಳತೆಯ ಕಾರ್ಡು, ಕವಚದ ತಾಪತ್ರಯವಿಲ್ಲ. ಗಾಡಿಯ ಪಕ್ಕದಲ್ಲೇ ನಿಂತು ಕ್ಯಾಮೆರಾಕ್ಕೆ ಹಾಕಿದೆ. ಓದಿತು! ಮೊದಲ ಫೋಟೊ ತೆಗೆದೆ: ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಿದ್ದ ಒಂದು ಮೇಕೆ. ಆ ಮೇಕೆಯನ್ನು ನೋಡಿ ನನಗಾದ ಸಂತೋಷ ಹೇಳತೀರದು.

ಅದೇ ಖುಷಿಯಲ್ಲಿ, ದೊಡ್ಡ ಫೋಟೊ ಹಾಕಿಸಿಕೊಡುತ್ತಾರೋ ಕೇಳೋಣ ಎಂದು ಪೇಟೆಯ ಒಂದು ಫೋಟೊ ಸ್ಟುಡಿಯೋಕ್ಕೆ ಹೋದೆ. ಅಲ್ಲಿ ಕೂತಿದ್ದವಳು ನಲವತ್ತೈದರ ಹೆಂಗಸು. ಮದುವೆ ಫೋಟೊ ತೆಗೆಯುವುದು, ಆಲ್ಬಮ್ ಮಾಡುವುದು ಎಲ್ಲ ಅವಳೇ. ನಾನು ಕ್ಯಾಮೆರಾ ತೋರಿಸಿದೆ, ನನ್ನ ವಿಷಯ ಹೇಳಿದೆ. ಅವಳು ಕಾರ್ಡನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದಳು.

"ಎಲ್ಲಿ ತಗೊಂಡ್ರಿ ಇದು?"

ಹೇಳಿದೆ.

"ಪೊಟ್ಟಣ ಇತ್ತೇನ್ರಿ?"

"ಇಲ್ಲ. ಡಬ್ಬಿಯೊಳಗ ಕೈ ಹಾಕಿ ತಗದು ಕೊಟ್ಟ."

"ಗುಳಿಗಿ ಹಂಗ ತಗೋತೀರೇನ್ರಿ ನೀವು, ಡಬ್ಬಿಯೊಳಗ ಕೈ ಹಾಕಿ ಕೊಟ್ರ?"

ನರ್ಸಾಗಿ ಮೂವತ್ತೆಂಟು ವರ್ಷ ದುಡಿದವಳಿಗೆ ಇದಕ್ಕಿಂತ ದೊಡ್ಡ ಏಟು ಬೇಕೆ? ಅವಳೇ ವಿವರಿಸಿದಳು. ಕೆಲವು ಕಾರ್ಡು ನಾಲ್ಕೋ ಎಂಟೋ ಜಿಬಿ ಇರುತ್ತವೆ, ಮೇಲೆ ಮಾತ್ರ ಮೂವತ್ತೆರಡು ಎಂದು ಅಚ್ಚು ಹಾಕಿರುತ್ತಾರೆ. ಕ್ಯಾಮೆರಾಕ್ಕೂ ಅದೇ ಸುಳ್ಳು ಹೇಳುತ್ತವೆ. ಕ್ಯಾಮೆರಾ ನಂಬಿ ಫೋಟೊ ಹಾಕುತ್ತಲೇ ಹೋಗುತ್ತದೆ. ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳು, ಕೆಲವೊಮ್ಮೆ ಮೊದಲಿನವೂ ಹಾಳು.

"ಗೊತ್ತಾಗೋದು ಹ್ಯಾಂಗ?"

"ಪೂರ್ತಿ ತುಂಬಿ ನೋಡ್ರಿ. ಆಮ್ಯಾಲ ಮೊದಲಿಂದು, ನಡುವಿಂದು, ಕೊನೀದು ಎಲ್ಲಾ ತಗದು ನೋಡ್ರಿ. ಫೋಟೊ ತಗದು ತುಂಬೋದು ಆಗಂಗಿಲ್ಲ, ಬೆರಳು ಸವೀತಾವ. ವಿಡಿಯೊ ಹಾಕಿ ಬಿಡ್ರಿ, ತಾನ ತುಂಬ್ತದ."

ವಿಡಿಯೊ ಯಾವುದರದು? ಬಸ್ಸಿನಲ್ಲಿ ಬರುವಾಗ ಉಪಾಯ ಹೊಳೆಯಿತು. ಹೊಳೆದಾಗ ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ "ಹಾಂ!" ಅಂದೆ. ನಮ್ಮ ಪಡಸಾಲೆಯಲ್ಲಿ ನಾನು ನಿವೃತ್ತಿಯಾದಾಗ ದವಾಖಾನೆಯವರು ಕೊಟ್ಟ ಗೋಡೆ ಗಡಿಯಾರವಿದೆ. ಒಂದು ಮಿನಿಟು ಮುಂದಿಲ್ಲ, ಹಿಂದಿಲ್ಲ. ಅದರ ಎದುರು ಸ್ಟೂಲಿಟ್ಟು, ಅದರ ಮೇಲೆ ಸಕ್ಕರೆ ಡಬ್ಬಿಯಿಟ್ಟು, ಡಬ್ಬಿಯ ಮೇಲೆ ಕ್ಯಾಮೆರಾ ಇಟ್ಟು ವಿಡಿಯೊ ಶುರು ಮಾಡಿದೆ. ಗಡಿಯಾರವೇ ಸಾಕ್ಷಿ. ಯಾವ ಮಿನಿಟು ಕಳೆದುಹೋದರೂ ಮುಳ್ಳು ಹೇಳುತ್ತದೆ. ಕ್ಯಾಮೆರಾ ಅರ್ಧ ಗಂಟೆಗೊಮ್ಮೆ ನಿಲ್ಲುತ್ತಿತ್ತು, ನಾನು ಮತ್ತೆ ಒತ್ತುತ್ತಿದ್ದೆ. ಬ್ಯಾಟರಿ ಮುಗಿದರೆ ಚಾರ್ಜು ಮಾಡಿ ಮುಂದುವರಿಸುತ್ತಿದ್ದೆ. ಒತ್ತಿದ ಸಮಯ, ನಿಂತ ಸಮಯ ನೋಟುಬುಕ್ಕಿನಲ್ಲಿ, ಜ್ವರದ ಚಾರ್ಟಿನ ಹಾಗೆ.

ಪಕ್ಕದ ಮನೆಯವಳು ಮೊಸರಿಗೆ ಹೆಪ್ಪು ಕೇಳಲು ಬಂದವಳು ಬಾಗಿಲಲ್ಲೇ ನಿಂತಳು. "ಏನ್ ಮಾಡಾಕತ್ತೀರ್ರಿ? ಗಡಿಯಾರಕ್ಕ ಎಕ್ಸ್‌ರೇ ತಗ್ಯಾಕತ್ತೀರೇನು?"

"ಇಲ್ಲ, ಕಾರ್ಡಿಂದು ಪರೀಕ್ಷಾ ನಡದದ," ಅಂದೆ.

"ಪಾಸಾದ್ರ ಪೇಡೆ ಕೊಡ್ರಿ," ಎಂದು ಹೆಪ್ಪು ತೆಗೆದುಕೊಂಡು ಹೋದಳು.

ಪಾಸಾಗಲಿಲ್ಲ. ಮೊದಲ ಎರಡು ತುಂಡು ಸರಿ ಇದ್ದವು. ಮೂರನೆಯದರಲ್ಲಿ ಮುಳ್ಳು ಹತ್ತೂ ಇಪ್ಪತ್ತಕ್ಕೆ ಬಂದು ನಿಂತೇಬಿಟ್ಟಿತು, ಪರದೆಯ ಅರ್ಧ ಬೂದಿ ಬಣ್ಣವಾಯಿತು. ಅಲ್ಲಿಂದಾಚೆಗಿನವು ತೆರೆಯಲೇ ಇಲ್ಲ. ಭಾನುವಾರ ಅವಳು ಸ್ಟೂಲಿನ ಮೇಲೆ ಕೂತು, ನಾವೆಲ್ಲ ನಕ್ಕು, ಆಮೇಲೆ ನೋಡಿದರೆ ಹೀಗೆ ಬೂದಿ ಬಣ್ಣವಾಗಿದ್ದರೆ?

ಮರುದಿನ ಬೆಳಗಿನ ಬಸ್ಸಿಗೇ ಹುಮನಾಬಾದಿಗೆ ಹೋದೆ. ಸ್ಟುಡಿಯೋದ ಬಾಗಿಲು ತೆರೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿದ್ದೆ. ಅವಳು ಬೀಗ ತೆಗೆಯುತ್ತಾ ನಕ್ಕಳು. "ಫೇಲಾತೇನ್ರಿ?"

"ಹತ್ತೂ ಇಪ್ಪತ್ತಕ್ಕ," ಅಂದೆ.

ಗಡಿಯಾರದ ವಿಷಯ ಹೇಳಿದಾಗ ಅವಳು ಕಸಬರಿಗೆ ಕೆಳಗಿಟ್ಟು ಕೇಳಿದಳು. "ಇಷ್ಟು ವರ್ಷ ಈ ಧಂದಾ ಮಾಡಾಕತ್ತೇನಿ, ನನಗ ಇದು ಹೊಳದಿಲ್ಲ ನೋಡ್ರಿ," ಅಂದಳು. ಆ ಕ್ಷಣದಿಂದ ನಾವಿಬ್ಬರೂ ಒಂದೇ ವೃತ್ತಿಯವರಂತೆ ಮಾತಾಡಿದೆವು.

ಅವಳು ಮುಚ್ಚಿದ ಪೊಟ್ಟಣದಲ್ಲಿದ್ದ ಹದಿನಾರು ಜಿಬಿಯ ಎರಡು ಕಾರ್ಡು ತೆಗೆದಳು. ನಾನು ಮೂವತ್ತೆರಡು ಯಾಕಲ್ಲ ಎಂದೆ. "ಒಂದ ದೊಡ್ಡದರಕಿಂತ ಎರಡು ಸಣ್ಣವು ಛಲೋ. ಪೂರಾ ಮದಿವಿ ಒಂದ ಕಾರ್ಡಿನಾಗ ಹಾಕಿದ್ರ, ಕಾರ್ಡ್ ಹೋದ್ರ ಮದಿವೀನ ಹೋತು. ಅರ್ಧರ್ಧ ಹಾಕಿದ್ರ ಅಕ್ಕಿಕಾಳು ಒಗದ ಫೋಟೊ ಆದ್ರೂ ಉಳೀತಾವ." ವೃತ್ತದೊಳಗೆ ಹತ್ತು ಎಂದು ಬರೆದದ್ದನ್ನು ಬೆರಳಿಟ್ಟು ತೋರಿಸಿದಳು. ಅದು ಕಾರ್ಡಿನ ವೇಗ. ಅದು ಕಡಿಮೆಯಿದ್ದರೆ ವಿಡಿಯೊ ನಡುವೆ ನಿಲ್ಲುತ್ತದಂತೆ. ಹೊಸ ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ಅದೇ ಕ್ಯಾಮೆರಾದಲ್ಲಿ ಹಾಕಿ ಫಾರ್ಮ್ಯಾಟ್ ಮಾಡಬೇಕು. ದೀಪ ಮಿಣುಕುತ್ತಿರುವಾಗ ಹೊರಗೆ ಎಳೆಯಬಾರದು. ಕಾರ್ಡಿನ ಪಕ್ಕದಲ್ಲಿ ಒಂದು ಸಣ್ಣ ಜಾರುಗುಂಡಿ ಇದೆ, ಅದನ್ನು ಕೆಳಗೆ ಎಳೆದರೆ ಬೀಗ ಬಿದ್ದ ಹಾಗೆ. ಆಮೇಲೆ ಅದರಲ್ಲಿ ಏನೂ ಅಳಿಸಲು ಬರುವುದಿಲ್ಲ, ಹೊಸದು ಹಾಕಲೂ ಬರುವುದಿಲ್ಲ. ಪರ್ಸಿನಲ್ಲಿ ಚಿಲ್ಲರೆ ಜೊತೆ ಹಾಕಬೇಡಿ ಅಂದಳು. ನಾನು ನನ್ನ ಬಿಪಿ ಗುಳಿಗೆಯ ಹಳೆಯ ಡಬ್ಬಿ ತೋರಿಸಿದೆ. "ಇದು ಪಸಂದ್ ಅದ," ಅಂದಳು.

ಎರಡು ಕಾರ್ಡಿಗೂ ಗಡಿಯಾರದ ಪರೀಕ್ಷೆ ಆಯಿತು. ಎರಡು ದಿನ ಹಿಡಿಯಿತು. ಮೊದಲ ತುಂಡಿನಿಂದ ಕೊನೆಯ ತುಂಡಿನ ತನಕ ಒಂದು ಮಿನಿಟೂ ಕಳೆದಿರಲಿಲ್ಲ. ಪಕ್ಕದ ಮನೆಗೆ ಪೇಡೆ ಹೋಯಿತು. ಎರಡನ್ನೂ ಖಾಲಿ ಮಾಡಿ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಒಂದು ಬಳಕೆಗೆ, ಒಂದು ಮೀಸಲು ಎಂದು ಡಬ್ಬಿಯಲ್ಲಿಟ್ಟೆ. ಶನಿವಾರ ರಾತ್ರಿ ಒಂಬತ್ತಕ್ಕೆ ನಿಶ್ಚಿಂತೆಯಿಂದ ಮಲಗಿದೆ.

ಭಾನುವಾರ ಆರಕ್ಕೆ ಪೂಜೆಗೆ ಕೂತೆ. ನಮ್ಮ ಮನೆಯಲ್ಲಿ ಹೊಸದು ಏನು ಬಂದರೂ, ಮೊದಲು ಬಳಸುವ ದಿನ ವಿಭೂತಿ ಹಚ್ಚುತ್ತೇವೆ. ಹೊಲಿಗೆ ಯಂತ್ರಕ್ಕೆ ಹಚ್ಚಿದ್ದೇವೆ, ಫ್ರಿಜ್ಜಿಗೆ ಹಚ್ಚಿದ್ದೇವೆ, ಅಕ್ಕನ ಮಗನ ಮೋಟಾರ್ ಸೈಕಲ್ಲಿಗೂ ಹಚ್ಚಿದ್ದೇವೆ. ಕ್ಯಾಮೆರಾಕ್ಕೆ ಹಚ್ಚಿದೆ. ಕಾರ್ಡುಗಳನ್ನು ಬಿಡಲು ಮನಸ್ಸು ಬರಲಿಲ್ಲ, ಇಷ್ಟೆಲ್ಲ ಪರೀಕ್ಷೆ ಪಾಸಾದವು ಅವು. ಆದರೆ ಚೀಟಿ ಎಂದೂ ಮುಚ್ಚಬಾರದು, ಅದು ನನ್ನ ವೃತ್ತಿಯ ಮೊದಲ ಪಾಠ. ಆದ್ದರಿಂದ ಚೀಟಿ ಇದ್ದ ಮುಖವನ್ನು ಬಿಟ್ಟು, ತಿರುಗಿಸಿ, ಹಿಂದುಗಡೆ ತಟ್ಟೆಯ ನೀರಿನಲ್ಲಿ ಕಲಸಿದ ವಿಭೂತಿಯನ್ನು ಒಂದೇ ಬೆರಳಿನಿಂದ ನೀಟಾಗಿ ಎಳೆದೆ. ಎರಡಕ್ಕೂ.

ಹನ್ನೊಂದಕ್ಕೆ ಸರಿಯಾಗಿ ಯಾರೂ ಬರಲಿಲ್ಲ. ಹನ್ನೊಂದೂವರೆಗೆ ಹಳ್ಳಿಖೇಡದವಳು ಬಂದಳು. ಬಾಗಿಲಲ್ಲೇ ಸೆಲ್ಯೂಟ್ ಹೊಡೆದು, "ಲೀಡರ್‌ಬಾಯಿ, ಅರ್ಧ ತಾಸು ಲೇಟ್ ಆಗೀನಿ. ಏನ್ ಶಿಕ್ಷಾ? ಬೆಡ್‌ಪ್ಯಾನ್ ತೊಳೀಲೇನು?" ಅಂದಳು. ಉಳಿದ ಮೂವರು ಒಂದೇ ಆಟೋದಲ್ಲಿ ಬಂದರು, ಇಳಿಯುವಾಗಲೇ ನಗುತ್ತಿದ್ದರು. ಕೊನೆಗೆ ಮನ್ನಾಏಖೇಳ್ಳಿಯವಳು. ಬಿಳಿ ಸೀರೆ ಉಟ್ಟಿದ್ದಳು, ನಮ್ಮ ತರಬೇತಿಯ ಸಮವಸ್ತ್ರದಂಥದ್ದೇ, ತೆಳ್ಳಗಿನ ನೀಲಿ ಅಂಚು. ಯಾರಿಗೂ ಹಾಗೆ ಉಡಲು ಹೇಳಿರಲಿಲ್ಲ. ಅವಳೇ ಎಲ್ಲೋ ಹುಡುಕಿ ತಂದಿದ್ದಳು.

"ನಾಲ್ಕರ ಬಸ್ಸಿಗೆ ಹೋಗಬೇಕು," ಅಂದಳು. "ಮೊದಲ ಊಟನೋ, ಮೊದಲ ಫೋಟೊನೋ?"

"ಊಟ," ಎಂದು ಹಳ್ಳಿಖೇಡದವಳು. ಎರಡು ವಿಧದ ಪಲ್ಯ, ಶೇಂಗಾ ಹಿಂಡಿ, ಕಡಕ್ ರೊಟ್ಟಿ, ಹುಗ್ಗಿ. ಊಟದ ತುಂಬ ತಿಂಗಳುಗಟ್ಟಲೆ ಕೂಡಿಟ್ಟ ಮಾತು: ಯಾರ ಸಕ್ಕರೆ ಎಷ್ಟು, ಯಾರು ಇನ್ನೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ. ಎರಡೂವರೆಗೆ ನಾನು ಚಪ್ಪಾಳೆ ತಟ್ಟಿ ಎಲ್ಲರನ್ನೂ ಅಂಗಳಕ್ಕೆ ಕರೆದೆ. ಮುಂದೆ ಮೂರು ಸ್ಟೂಲು, ಹಿಂದೆ ಮೂರು ಜನ. ಹಳೆಯ ಫೋಟೊದಲ್ಲಿ ಯಾರು ಎಲ್ಲಿದ್ದರೋ ಹಾಗೆಯೇ. ನಡುವಿನ ಸ್ಟೂಲು ಅವಳದು, ಅದರ ಹಿಂದೆ ನಾನು. ಅಕ್ಕನ ಮಗ ಕೊಟ್ಟ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಅವಳು ಹೋಗಿ ಸ್ಟೂಲಿನ ಮೇಲೆ ಕೂತಳು, ಸೆರಗು ಸರಿಪಡಿಸಿಕೊಂಡಳು, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡಳು.

ನಾನು ಕಾರ್ಡು ಹಾಕಿದೆ, ಗುಂಡಿ ಒತ್ತಿದೆ.

ಮೆಮೊರಿ ಕಾರ್ಡ್ ಎರರ್.

ತೆಗೆದು ಹಾಕಿದೆ. ಎರರ್. ಡಬ್ಬಿಯಿಂದ ಮೀಸಲು ಕಾರ್ಡು ತೆಗೆದು ಹಾಕಿದೆ. ಎರರ್.

"ಏನಾತವ್ವಾ?" ಹಳ್ಳಿಖೇಡದವಳು ಕೂಗಿದಳು. "ಕಾರ್ಡಿಗೆ ನೋವು ಬಂದಾವೇನು?"

ಯಾರೋ ನಕ್ಕರು. ಸ್ಟೂಲಿನ ಮೇಲೆ ಕೂತವಳು ನಗಲಿಲ್ಲ. ಆಮೇಲೆ ಎದ್ದು, "ಆಗಲಿ ಬಿಡು. ಫೋನಿನಾಗ ತಗೀರಿ. ನನಗ ರೂಢಿ ಅದ," ಅಂದಳು.

ಕೋಪದಿಂದ ಅಂದಿದ್ದರೆ ತಡೆಯಬಹುದಿತ್ತು. ಅವಳು ಸಮಾಧಾನದಿಂದಲೇ ಅಂದಳು.

"ಕೂಡು," ಅಂದೆ. "ಏಳಬ್ಯಾಡ. ಕೂಡು." ಸ್ಟುಡಿಯೋದವಳಿಗೆ ಫೋನು ಮಾಡಿದೆ. ಅವಳು ಎಲ್ಲೋ ಮದುವೆಯಲ್ಲಿದ್ದಳು, ಹಿಂದೆ ಬ್ಯಾಂಡು ಬಾರಿಸುತ್ತಿತ್ತು. ಕೂಗಿ ಕೂಗಿ ಹೇಳಿದೆ.

"ಎರಡೂ ಒಮ್ಮೆಲೆ ಕೆಡಂಗಿಲ್ರಿ," ಎಂದು ಅವಳೂ ಕೂಗಿದಳು. "ಏನರ ಹತ್ತಿರ್ತದ. ಹಿಂದ ಬಂಗಾರದ ಪಟ್ಟಿ ಅದಾವಲ್ಲ, ನೋಡ್ರಿ, ಅದರ ಮ್ಯಾಲ ಏನದ?"

ಕಾರ್ಡು ತಿರುಗಿಸಿದೆ. ಬಂಗಾರದ ಬಣ್ಣದ ಸಣ್ಣ ಪಟ್ಟಿಗಳ ಸಾಲು. ಕ್ಯಾಮೆರಾ ಕಾರ್ಡನ್ನು ಓದುವುದು ಅವುಗಳನ್ನು ಮುಟ್ಟಿ. ಪಟ್ಟಿ ಪಟ್ಟಿಯ ಸಂದಿಯಲ್ಲೂ ಬೆಳ್ಳಗೆ, ಒಣಗಿ, ಗಟ್ಟಿಯಾಗಿ ಕೂತಿತ್ತು ವಿಭೂತಿ.

"ವಿಭೂತಿ ಅದ," ಎಂದೆ. ಫೋನಿಗೆ ಎಂದೆನೋ ಅಂಗಳಕ್ಕೆ ಎಂದೆನೋ, ಎಲ್ಲರಿಗೂ ಕೇಳಿಸಿತು.

ಹಳ್ಳಿಖೇಡದವಳು ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. "ಯವ್ವಾ, ಕಾರ್ಡಿಗೆ ಲಿಂಗದೀಕ್ಷಾ ಕೊಟ್ಟೀದಿ!" ಅಂಗಳವೆಲ್ಲ ನಗುವೋ ನಗು. ಫೋನಿನೊಳಗೆ ಸ್ಟುಡಿಯೋದವಳೂ ನಗುತ್ತಿದ್ದಳು. "ನೀರು ಹಾಕಬ್ಯಾಡ್ರಿ. ಸ್ಪಿರಿಟ್ ಇದ್ರ ಹತ್ತೀಲೆ ಒರಸ್ರಿ. ಪೂರಾ ಒಣಗಿದ ಮ್ಯಾಲ ಹಾಕ್ರಿ, ನಾಲ್ಕು ಸಲ ಹಾಕಿ ತಗೀರಿ," ಅಂದಳು.

ಸ್ಪಿರಿಟ್ ಇದೆಯಾ ಎಂದು ನಾನು ತಿರುಗುವಷ್ಟರಲ್ಲಿ ಐದು ಪರ್ಸುಗಳು ತೆರೆದಿದ್ದವು. ಐದರಲ್ಲೂ ಹತ್ತಿ, ಐದರಲ್ಲೂ ಸ್ಪಿರಿಟ್ ಸ್ವಾಬಿನ ಪೊಟ್ಟಣ. ನಿವೃತ್ತಿ ನಮ್ಮ ನೌಕರಿಗೆ ಆಗಿತ್ತು, ಪರ್ಸಿಗೆ ಆಗಿರಲಿಲ್ಲ.

"ಇಲ್ಲಿ ಕೊಡು," ಅಂದಳು ಸ್ಟೂಲಿನ ಮೇಲಿದ್ದವಳು. ಕೈ ಚಾಚಿದಳು. ತಂಡದಲ್ಲಿ ಎಲ್ಲರಿಗಿಂತ ಹಗುರವಾದ ಕೈ ಅವಳದು. ಹೆಬ್ಬೆರಳು ತೋರುಬೆರಳಿನಲ್ಲಿ ಕಾರ್ಡಿನ ಅಂಚು ಹಿಡಿದು, ಸ್ವಾಬನ್ನು ಚೂಪಾಗಿ ಮಡಚಿ, ಒಂದೊಂದೇ ಪಟ್ಟಿಯ ಮೇಲೆ ಮೇಲಿನಿಂದ ಕೆಳಗೆ, ಒಂದೇ ದಿಕ್ಕಿನಲ್ಲಿ ಎಳೆದಳು. ಪ್ರತಿ ಎಳೆತಕ್ಕೂ ಸ್ವಾಬಿನ ಹೊಸ ಮಗ್ಗಲು. ಹೊಸದಾಗಿ ಹುಟ್ಟಿದ ಕೂಸಿನ ಕಣ್ಣು ಒರೆಸುವುದನ್ನು ನಮಗೆ ಕಲಿಸಿದ್ದು ಹಾಗೆಯೇ. ನಾವೆಲ್ಲ ಸುತ್ತ ಬಾಗಿ ನಿಂತಿದ್ದೆವು. ಅವಳು ಕಾರ್ಡನ್ನು ಗಾಳಿಗೆ ಹಿಡಿದು ಒಣಗಿಸಿದಳು, ಮೂರು ಸಲ ತಿರುಗಿಸಿ ನೋಡಿದಳು, ನನ್ನ ಕೈಗಿಟ್ಟಳು.

"ಹಾಕು, ಲೀಡರ್."

ನಾಲ್ಕು ಸಲ ಹಾಕಿ ತೆಗೆದೆ. ಐದನೆಯ ಸಲ ಗುಂಡಿ ಒತ್ತಿದೆ. ಪರದೆಯ ಮೇಲೆ ನಮ್ಮ ಅಂಗಳ, ಮೂರು ಸ್ಟೂಲು! ನಾನು ಏನು ಕೂಗಿದೆನೋ ನೆನಪಿಲ್ಲ, ಪಕ್ಕದ ಮನೆಯವಳು ಕಾಂಪೌಂಡಿನ ಮೇಲಿಂದ ಇಣುಕಿದಳು.

ಎಲ್ಲರೂ ತಮ್ಮ ತಮ್ಮ ಜಾಗಕ್ಕೆ. ಟೈಮರ್ ಹತ್ತು ಸೆಕೆಂಡು. ಒತ್ತಿದೆ, ಓಡಿದೆ. ಹಳ್ಳಿಖೇಡದವಳು ಕುಸ್ತಿ ನೋಡುವವರ ಹಾಗೆ ಎಣಿಸತೊಡಗಿದಳು: "ಒಂದು, ಎರಡು, ಓಡವ್ವಾ, ನಾಲ್ಕು!" ಸ್ಟೂಲುಗಳನ್ನು ಬಳಸಿ ಹಿಂದಕ್ಕೆ ಹೋಗಬೇಕಿತ್ತು. ಸೀರೆಯ ನಿರಿಗೆ ಕಾಲಿಗೆ ತೊಡರಿತು. ಮೂಲೆ ತಿರುಗುವಷ್ಟರಲ್ಲಿ ಕ್ಯಾಮೆರಾ ಕ್ಲಿಕ್ ಅಂದಿತು.

ಎಲ್ಲರೂ ಎದ್ದು ಬಂದು ಪರದೆಗೆ ಮುತ್ತಿದರು. ಸ್ಟೂಲಿನ ಮೇಲೆ ಬಿಳಿ ಸೀರೆಯವಳು ಕೂತಿದ್ದಾಳೆ, ಚೆಂದ ಬಂದಿದ್ದಾಳೆ. ಅವಳ ಹಿಂದೆ, ನಾನು ನಿಲ್ಲಬೇಕಾದಲ್ಲಿ, ಖಾಲಿ ಗೋಡೆ. ಫೋಟೊದ ಅಂಚಿನಲ್ಲಿ ನನ್ನ ಬೆನ್ನು, ಹಾರುತ್ತಿರುವ ಸೆರಗು.

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಂದು ತುಂಬಿತು, ನಿಂದು ಖಾಲಿ ಆತು!"

ನಾನೂ ನಕ್ಕೆ. ನಗುತ್ತಿರುವಾಗಲೇ ಆ ಮಾತು ಬಾಯಿಗೆ ಬಂತು. "ಅವತ್ತು ಪಟ್ಟಿ ತಿದ್ದಬಹುದಿತ್ತು. ಹತ್ತು ಮಿನಿಟಿನ ಮಾತು. ನಾ ತಿದ್ದಲಿಲ್ಲ. ತಪ್ಪಾತು."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಗೊತ್ತದ," ಅಂದಳು. "ಅವತ್ತ ಗೊತ್ತಿತ್ತು. ಸಿಟ್ಟೂ ಬಂದಿತ್ತು, ಭಾಳ ದಿನ ಇತ್ತು." ಆಮೇಲೆ, "ಆದರ ಹೆಣ್ಣು ಕೂಸಿತ್ತು. ಹುಟ್ಟಿದ ಕೂಡಲೇ ಏನ್ ಅತ್ತಿತು ಅಂತೀದಿ! ಅದನ್ನ ನಾ ಒಬ್ಬಾಕಿನ ಕೇಳೀನಿ, ನಿಮಗ್ಯಾರಿಗೂ ಸಿಗಲಿಲ್ಲ," ಅಂದಳು.

ಮೂರು ಗಂಟೆ ದಾಟಿತ್ತು. ಮತ್ತೊಮ್ಮೆ ಓಡುವೆ ಎಂದು ನಾನು ನಿರಿಗೆ ಎತ್ತಿ ಕಟ್ಟಿದೆ. ಅವಳು ಬೇಡ ಅಂದಳು.

"ಆ ಜಾಗಕ್ಕ ನೀ ಮುಟ್ಟಂಗಿಲ್ಲ. ಇಲ್ಲಿ ಮುಂದ ಕೂಡು, ನನ್ನ ಕಾಲಿನ ಹಂತೇಲಿ. ಎರಡು ಹೆಜ್ಜಿ."

"ಹಳೀ ಫೋಟೊದಾಗ ನಾ ಹಿಂದ ನಿಂತೀನಿ," ಅಂದೆ. "ಸಾಲು ತಪ್ಪತದ."

ನಾಲ್ಕೂ ಜನ ನನ್ನನ್ನೇ ನೋಡಿದರು. ಹಳ್ಳಿಖೇಡದವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಾನು ಒಳಗೆ ಹೋಗಿ ಊಟದ ಮಣೆ ತಂದು ಅವಳ ಸ್ಟೂಲಿನ ಮುಂದೆ ಹಾಕಿದೆ. ಗುಂಡಿ ಒತ್ತಿ, ಎರ‍ಡೇ ಹೆಜ್ಜೆ ಇಟ್ಟು, ಮಣೆಯ ಮೇಲೆ ಕೂತೆ. ಇನ್ನೂ ಆರು ಸೆಕೆಂಡು ಉಳಿದಿತ್ತು. ಅವಳ ಕೈ ನನ್ನ ಹೆಗಲ ಮೇಲೆ ಬಂತು. ಕ್ಲಿಕ್.

ನಾಲ್ಕರ ಬಸ್ಸು ಅವಳಿಗೆ ಸಿಕ್ಕಿತು.

ಮರುದಿನ ಹುಮನಾಬಾದಿನ ಸ್ಟುಡಿಯೋದಲ್ಲಿ ಒಂದೂವರೆ ಅಡಿಯ ಫೋಟೊಕ್ಕೆ ಕೊಟ್ಟೆ. ಪೆನ್‌ಡ್ರೈವಿನಲ್ಲಿ ಒಂದು ಪ್ರತಿ, ಅಕ್ಕನ ಮಗನ ಕಂಪ್ಯೂಟರಿನಲ್ಲಿ ಇನ್ನೊಂದು. ಗೆಳತಿ ಫೋನು ಮಾಡಿ ಎರಡನ್ನೂ ದೊಡ್ಡದು ಮಾಡಿಸಲು ಹೇಳಿದ್ದಳು, ನಾನು ಓಡುತ್ತಿರುವುದನ್ನೂ ಸೇರಿಸಿ. ಅದು ಯಾಕೆ ಎಂದೆ. ತನ್ನ ಮೊಮ್ಮಗಳಿಗೆ ಲೀಡರು ಅಂದರೆ ಯಾರು ಎಂದು ತೋರಿಸಬೇಕು ಅಂದಳು.

ಸ್ಟುಡಿಯೋದವಳು ಕೆಲಸ ಮುಗಿಸಿ ಕಾರ್ಡು ವಾಪಸ್ ಕೊಟ್ಟಳು. "ಅಳಿಸಿ ಕೊಡ್ಲೇನ್ರಿ? ಮತ್ತ ಉಪಯೋಗ ಆಗ್ತದ."

"ಬ್ಯಾಡ," ಅಂದೆ. "ಇನ್ನೊಂದು ಅದ."

ಅಲ್ಲೇ ಗಲ್ಲಾಪೆಟ್ಟಿಗೆಯ ಮುಂದೆ ನಿಂತು, ಕಾರ್ಡಿನ ಪಕ್ಕದ ಸಣ್ಣ ಜಾರುಗುಂಡಿಯನ್ನು ಉಗುರಿನಿಂದ ಕೆಳಗೆ ಎಳೆದು ಬೀಗ ಹಾಕಿದೆ. ಗುಳಿಗೆ ಡಬ್ಬಿಯಲ್ಲಿಟ್ಟೆ. ಡಬ್ಬಿಗೆ ಅಂಟಿಸಿದ ಬಿಳಿ ಪಟ್ಟಿಯ ಮೇಲೆ ಯಾರು ಯಾರು ಎಲ್ಲೆಲ್ಲಿ ಕೂತಿದ್ದಾರೆ ಎಂದು ಕ್ರಮವಾಗಿ ಬರೆದೆ, ಮೊದಲ ಹೆಸರು ಅವಳದು. ಮೂರು ಸಲ ಓದಿ ನೋಡಿದೆ. ಸರಿಯಾಗಿತ್ತು.